ಅಟ್ಟದ ಮೇಲಿನ ಚಿತ್ರಗುಪ್ತ

ದೀಪಾವಳಿ ಸಂಚಿಕೆಗೆ ಕೊಲೆ, ಹೆಣ, ಶಾಪ ಇರುವ ಸಿನಿಮಾದ ಬಗ್ಗೆ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ದೇಶದಲ್ಲಿ ನಮ್ಮ ದೀಪಾವಳಿ ಬರುವುದೇ ಹ್ಯಾಲೋವೀನ್ ಹಬ್ಬದ ಆಸುಪಾಸಿನಲ್ಲಿ. ಒಂದು ಕಡೆ ಮಕ್ಕಳು ಅಸ್ಥಿಪಂಜರದ ವೇಷ ತೊಟ್ಟು ಮನೆಮನೆಗೆ ಚಾಕಲೇಟು ಬೇಡಲು ಹೊರಟಿರುತ್ತಾರೆ. ಇನ್ನೊಂದು ಕಡೆ ನಾವು ಗರಾಜಿನ ಮೂಲೆಯಲ್ಲಿ ಕಳೆದ ವರ್ಷದ ಹಣತೆಗಳ ಡಬ್ಬ ಹುಡುಕುತ್ತಿರುತ್ತೇವೆ. ಟೀವಿಯಲ್ಲಿ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳದೇ ರಾಜ್ಯ. ಆ ಗದ್ದಲದ ನಡುವೆ ಕೋರೆಹಲ್ಲೂ ಇಲ್ಲದ, ಕಿರುಚಾಟವೂ ಇಲ್ಲದ ಒಂದು ಹಳೆಯ ಚಿತ್ರವಿದೆ. ಅದರಲ್ಲಿ ಭೂತ ಎಂದರೆ ಒಬ್ಬ ಸುರಸುಂದರಾಂಗ ತರುಣ. ಅವನು ಯಾರ ರಕ್ತವನ್ನೂ ಕುಡಿಯುವುದಿಲ್ಲ. ಸುಮ್ಮನೆ ಚೆನ್ನಾಗಿ ಕಾಣುತ್ತಾನೆ, ಅಷ್ಟೇ. ಆದರೂ ನಾನು ನೋಡಿದ ಭಯದ ಚಿತ್ರಗಳಲ್ಲಿ ನಿಜಕ್ಕೂ ನಿದ್ದೆ ಕೆಡಿಸಿದ್ದು ಅದೊಂದೇ.

ಚಿತ್ರದ ಹೆಸರು 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ'. ಎಂ.ಜಿ.ಎಂ. ಸಂಸ್ಥೆ 1945ರಲ್ಲಿ ಬಿಡುಗಡೆ ಮಾಡಿದ ಈ ಚಿತ್ರದ ನಿರ್ದೇಶಕ ಆಲ್ಬರ್ಟ್ ಲೆವಿನ್. ಮೂಲ ಕಾದಂಬರಿ ಆಸ್ಕರ್ ವೈಲ್ಡ್‌ನದು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಪುಸ್ತಕದ ಪರಿಚಯವಿರುತ್ತದೆ. ಓದದವರು ಹೆದರಬೇಕಾಗಿಲ್ಲ, ಕತೆ ಸರಳವಾಗಿದೆ.

ಕತೆ ಇಷ್ಟೇ

ಲಂಡನ್ ನಗರ, 1886. ಬೇಸಿಲ್ ಹಾಲ್‌ವರ್ಡ್ ಎಂಬ ಕಲಾವಿದ ಡೋರಿಯನ್ ಗ್ರೇ ಎಂಬ ಶ್ರೀಮಂತ ತರುಣನ ಆಳೆತ್ತರದ ಚಿತ್ರ ಬರೆಯುತ್ತಿದ್ದಾನೆ. ಅಲ್ಲಿಗೆ ಬರುವ ಲಾರ್ಡ್ ಹೆನ್ರಿ ಮಾತಿನ ಮಲ್ಲ. ಯೌವನವೊಂದೇ ಪಡೆಯತಕ್ಕ ವಸ್ತು, ಅದು ಕೆಲವೇ ವರ್ಷದಲ್ಲಿ ಕೈಬಿಟ್ಟು ಹೋಗುತ್ತದೆ, ಇರುವಾಗಲೇ ಆಸೆಗಳನ್ನೆಲ್ಲ ತೀರಿಸಿಕೋ ಎಂದು ಹುಡುಗನ ಕಿವಿಯೂದುತ್ತಾನೆ. ಹೀಗೆ ಮಾತಾಡುತ್ತಲೇ ಒಂದು ಚಿಟ್ಟೆಯನ್ನು ಹಿಡಿದು ಕೊಲ್ಲುತ್ತಾನೆ. ಅವನು ಎಂಥ ಮನುಷ್ಯ ಎಂದು ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ತನ್ನ ಚಿತ್ರವನ್ನು ನೋಡಿ ಡೋರಿಯನ್ನನಿಗೆ ಹೊಟ್ಟೆಯುರಿ. ಇದು ಹೀಗೇ ಉಳಿಯುತ್ತದೆ, ನಾನು ಮುದುಕನಾಗುತ್ತೇನೆ. ಇದರ ಬದಲು ಚಿತ್ರಕ್ಕೆ ವಯಸ್ಸಾಗಿ ನಾನು ಹೀಗೇ ಇದ್ದರೆ ನನ್ನ ಆತ್ಮವನ್ನೇ ಕೊಟ್ಟೇನು ಎಂದು ಹಾರೈಸುತ್ತಾನೆ. ಪಕ್ಕದಲ್ಲಿ ಈಜಿಪ್ಟಿನ ಒಂದು ಬೆಕ್ಕಿನ ಮೂರ್ತಿ. ನಮ್ಮಲ್ಲಿ ಹಿರಿಯರು, ಮುಸ್ಸಂಜೆ ಹೊತ್ತು ಕೆಟ್ಟ ಮಾತಾಡಬೇಡ, ಅಸ್ತು ದೇವತೆಗಳು ಇರುತ್ತಾರೆ ಎನ್ನುತ್ತಾರಲ್ಲ, ಹಾಗೆಯೇ ಆಯಿತು. ಹಾರೈಕೆ ಫಲಿಸಿತು. ಅಂದಿನಿಂದ ಡೋರಿಯನ್ ಮಾಡಿದ ಕೆಡುಕಿನ ಗುರುತೆಲ್ಲ ಮೂಡುವುದು ಪಟದ ಮುಖದ ಮೇಲೆ. ಅವನ ಮುಖ ಮಾತ್ರ ಹದಿನೆಂಟು ವರ್ಷ ಕಳೆದರೂ ಹಾಗೆಯೇ ನುಣ್ಣಗೆ. ಅವನು ಪಟವನ್ನು ಮನೆಯ ಮೇಲಂತಸ್ತಿಗೆ ಸಾಗಿಸಿ, ತಾನು ಬಾಲ್ಯದಲ್ಲಿ ಪಾಠ ಕಲಿತ ಕೋಣೆಯಲ್ಲಿಟ್ಟು, ಬೀಗ ಜಡಿದು, ಕೀಲಿಕೈ ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ. ಮುಂದೆ ಒಂದು ಕೊಲೆ, ಎರಡು ಆತ್ಮಹತ್ಯೆ, ಬೇಟೆಯಲ್ಲಿ ಗುಂಡು ತಗಲಿ ಇನ್ನೊಂದು ಸಾವು. ಕೊನೆಯನ್ನು ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ.

ಪುಸ್ತಕಕ್ಕೆ ಬಿದ್ದ ಪೆಟ್ಟು

ಈ ಕಾದಂಬರಿ ಹುಟ್ಟಿದ್ದು ಒಂದು ಊಟದ ಮೇಜಿನ ಮೇಲೆ. ಫಿಲಡೆಲ್ಫಿಯಾದ 'ಲಿಪಿನ್‌ಕಾಟ್ಸ್' ಮಾಸಪತ್ರಿಕೆಯ ಸಂಪಾದಕ ಸ್ಟಾಡರ್ಟ್ 1889ರ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಗ್‌ಹ್ಯಾಮ್ ಹೋಟೆಲಿಗೆ ಇಬ್ಬರು ಲೇಖಕರನ್ನು ಊಟಕ್ಕೆ ಕರೆದ. ಒಬ್ಬ ವೈಲ್ಡ್, ಇನ್ನೊಬ್ಬ ಆರ್ಥರ್ ಕಾನನ್ ಡಾಯ್ಲ್. ಆ ಒಂದು ಊಟದಿಂದ ಲೋಕಕ್ಕೆ ದಕ್ಕಿದ್ದು ಎರಡು ಕೃತಿ: ಡಾಯ್ಲ್‌ನ ಶೆರ್ಲಾಕ್ ಹೋಮ್ಸ್ ಕಾದಂಬರಿ 'ದಿ ಸೈನ್ ಆಫ್ ಫೋರ್' ಮತ್ತು ವೈಲ್ಡ್‌ನ 'ಡೋರಿಯನ್ ಗ್ರೇ'. ಸಂಪಾದಕರು ಇಂಥ ಊಟ ಹಾಕಿಸುವುದಾದರೆ ನಮ್ಮ ಸಂಚಿಕೆಗೂ ಲೇಖನಗಳ ಕೊರತೆ ಇರುತ್ತಿರಲಿಲ್ಲ!

1890ರ ಜುಲೈ ಸಂಚಿಕೆಯಲ್ಲಿ ಕತೆ ಪ್ರಕಟವಾದೊಡನೆ ಇಂಗ್ಲೆಂಡಿನ ಪತ್ರಿಕೆಗಳು ಮುಗಿಬಿದ್ದವು. ಇದು ಹೊಲಸು, ಯುವಕರನ್ನು ಕೆಡಿಸುವ ಬರಹ ಎಂದವು. ಸ್ಟಾಡರ್ಟ್ ಅಚ್ಚಿಗೆ ಮೊದಲೇ ಕೆಲವು ಸಾಲುಗಳನ್ನು ಕತ್ತರಿಸಿದ್ದ. 1891ರಲ್ಲಿ ಪುಸ್ತಕವಾಗಿ ತರುವಾಗ ವೈಲ್ಡ್ ತಾನೇ ಕೆಲವನ್ನು ಮೆದುಗೊಳಿಸಿ, ಹದಿಮೂರು ಅಧ್ಯಾಯಗಳನ್ನು ಇಪ್ಪತ್ತಕ್ಕೆ ಬೆಳೆಸಿದ. ಆದರೂ ಪುಸ್ತಕ ಅವನ ಬೆನ್ನು ಬಿಡಲಿಲ್ಲ. 1895ರಲ್ಲಿ ಅವನು ಕೋರ್ಟಿನಲ್ಲಿ ನಿಂತಾಗ ಎದುರಾಳಿ ವಕೀಲ ಎಡ್ವರ್ಡ್ ಕಾರ್ಸನ್ ಇದೇ ಕಾದಂಬರಿಯ ಭಾಗಗಳನ್ನು ಓದಿ, ಇದನ್ನು ಬರೆದವನ ನಡತೆ ಎಂಥದಿರಬೇಕು ಎಂದು ಪ್ರಶ್ನಿಸಿದ. ಸಲಿಂಗ ಸಂಬಂಧದ ಆರೋಪದ ಮೇಲೆ ಎರಡು ವರ್ಷ ಕಠಿಣ ಸಜೆಯಾಯಿತು. ಬಿಡುಗಡೆಯಾದ ಮೇಲೆ ವೈಲ್ಡ್ ಇಂಗ್ಲೆಂಡ್ ಬಿಟ್ಟು, 1900ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡ. ಇಂದು ಅಪರಾಧವೇ ಅಲ್ಲವೆಂದು ಅನೇಕ ದೇಶಗಳು ಒಪ್ಪಿರುವ ವಿಷಯಕ್ಕೆ ಅಂದಿನ ಸಮಾಜ ಒಬ್ಬ ಬರಹಗಾರನನ್ನು ಹಿಂಡಿ ಹಾಕಿತು. ತನ್ನ ಅಟ್ಟದ ಮೇಲೆ ಏನೇನು ಬಚ್ಚಿಟ್ಟಿದ್ದರೂ ಆ ಸಮಾಜದ ಮುಖ ಮಾತ್ರ ನುಣ್ಣಗೇ ಇತ್ತು.

ಒಂದು ಮಾತು ಗಮನಿಸಬೇಕು. ಡೋರಿಯನ್ ಮಾಡಿದ ಪಾಪಗಳು ಯಾವುವು ಎಂದು ವೈಲ್ಡ್ ಪಟ್ಟಿ ಕೊಡುವುದಿಲ್ಲ. ಅವನ ಸ್ನೇಹ ಮಾಡಿದ ತರುಣರು ಹಾಳಾದರು, ಹೆಂಗಸರು ಮಾನ ಕಳೆದುಕೊಂಡರು, ಅವನು ಕೋಣೆಯೊಳಗೆ ಬಂದರೆ ಕೆಲವರು ಎದ್ದು ಹೋಗುತ್ತಾರೆ ಎಂದಷ್ಟೇ ತಿಳಿಯುತ್ತದೆ. ಉಳಿದದ್ದನ್ನು ಓದುವವರೇ ತುಂಬಿಕೊಳ್ಳಬೇಕು. ತುಂಬುವಾಗ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನೇ ತುಂಬುತ್ತಾರೆ.

ಲೆವಿನ್ ಮಾಡಿದ್ದು

ಹಾಲಿವುಡ್ಡಿನಲ್ಲಿ ಆಗ ಕಟ್ಟುನಿಟ್ಟಾದ ನೀತಿಸಂಹಿತೆಯ ಕಾಲ. ತೆರೆಯ ಮೇಲೆ ದುರಾಚಾರವನ್ನು ತೋರಿಸುವಂತಿರಲಿಲ್ಲ. ಬೇರೆ ನಿರ್ದೇಶಕರಿಗೆ ಇದು ಕೈಕಟ್ಟಿದಂತೆ ಆಗುತ್ತಿತ್ತೇನೋ. ಲೆವಿನ್ ಹಾರ್ವರ್ಡಿನಲ್ಲಿ ಸಾಹಿತ್ಯ ಓದಿ ಸಿನಿಮಾಕ್ಕೆ ಬಂದವನು. ಅವನಿಗೆ ಆ ಕಟ್ಟುಪಾಡೇ ಅನುಕೂಲವಾಯಿತು. ವೈಲ್ಡ್ ಹೇಳದೆ ಬಿಟ್ಟದ್ದನ್ನು ಅವನೂ ತೋರಿಸದೆ ಬಿಟ್ಟ. ಡೋರಿಯನ್ ಸಾರೋಟಿನಲ್ಲಿ ಕತ್ತಲ ಬೀದಿಗೆ ಹೋಗುತ್ತಾನೆ, ಬೆಳಗಿನ ಜಾವ ಮರಳುತ್ತಾನೆ. ನಡುವೆ ಏನಾಯಿತೆಂಬುದು ನಮ್ಮ ಊಹೆಗೆ ಬಿಟ್ಟದ್ದು.

ಚಿತ್ರ ಶುರುವಾಗುವುದು ಒಮರ್ ಖಯ್ಯಾಮನ ಒಂದು ಚೌಪದಿಯಿಂದ. ಡಿ.ವಿ.ಜಿ. ಅವರ 'ಉಮರನ ಒಸಗೆ'ಯಿಂದ ಖಯ್ಯಾಮ ನಮಗೆ ಹೊಸಬನಲ್ಲ. ಸ್ವರ್ಗ ನರಕ ಎರಡೂ ಬೇರೆಲ್ಲೋ ಇಲ್ಲ, ನಮ್ಮೊಳಗೇ ಇವೆ ಎಂಬುದು ಅಲ್ಲಿನ ತಾತ್ಪರ್ಯ. ಇಡೀ ಸಿನಿಮಾದ ಅರ್ಥವನ್ನು ಮೊದಲ ನಿಮಿಷದಲ್ಲೇ ಹೇಳಿಬಿಟ್ಟು, ಆಮೇಲೆ ಕತೆ ಹೇಳುವ ಧೈರ್ಯ ಲೆವಿನ್ನನದು. ನಮ್ಮ ಹರಿಕಥೆಯ ದಾಸರೂ ಹೀಗೇ ಅಲ್ಲವೇ? ಪಲ್ಲವಿಯಲ್ಲಿ ನೀತಿ, ಆಮೇಲೆ ಕತೆ.

ಡೋರಿಯನ್ ಪಾತ್ರದಲ್ಲಿ ಹರ್ಡ್ ಹ್ಯಾಟ್‌ಫೀಲ್ಡ್ ಎಂಬ, ಆಗಿನ್ನೂ ಹೊಸಬನಾಗಿದ್ದ ನಟ. ಕಾದಂಬರಿಯ ಡೋರಿಯನ್ ಹೊಂಗೂದಲು, ನೀಲಿ ಕಣ್ಣಿನ ಹುಡುಗ. ಹ್ಯಾಟ್‌ಫೀಲ್ಡ್ ಕಪ್ಪು ಕೂದಲಿನವನು. ಅವನ ಮುಖದಲ್ಲಿ ಚಿತ್ರದುದ್ದಕ್ಕೂ ಭಾವವೇ ಇಲ್ಲ. ನಗುವಾಗಲೂ ಅಷ್ಟೇ, ಕೊಲೆಯ ನಂತರವೂ ಅಷ್ಟೇ. ಇದೇನು ಮರದ ಗೊಂಬೆಯಂತೆ ಅಭಿನಯ ಎಂದು ಮೊದಲ ಸಲ ನೋಡುವವರಿಗೆ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ: ಈ ಮನುಷ್ಯನ ಭಾವನೆಗಳೆಲ್ಲ ಮೇಲಿನ ಕೋಣೆಯ ಪಟಕ್ಕೆ ಹೋಗಿ ಸೇರುತ್ತಿವೆ, ಕೆಳಗೆ ಉಳಿದಿರುವುದು ಬರೀ ಚರ್ಮ. ಲಾರ್ಡ್ ಹೆನ್ರಿಯಾಗಿ ಜಾರ್ಜ್ ಸ್ಯಾಂಡರ್ಸ್‌ನದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಕೆಡುಕಿನ ಮಾತನ್ನು ಅಷ್ಟು ಸೊಗಸಾಗಿ ಆಡಿದರೆ ಕೇಳುವವರು ತಲೆದೂಗದೆ ಇರುವುದು ಕಷ್ಟ. ಹ್ಯಾಟ್‌ಫೀಲ್ಡ್ 1998ರಲ್ಲಿ ತೀರಿಕೊಳ್ಳುವವರೆಗೂ ಜನ ಅವನನ್ನು ಗುರುತಿಸಿದ್ದು ಈ ಒಂದು ಪಾತ್ರದಿಂದಲೇ.

ಬಾಗಿಲ ಬಳಿ ನಿಂತ ಹುಡುಗಿ

ಸಿಬಿಲ್ ವೇನ್ ಪಾತ್ರದಲ್ಲಿ, ಇಪ್ಪತ್ತು ತುಂಬದ ಏಂಜೆಲಾ ಲ್ಯಾನ್ಸ್‌ಬರಿ. 'ಮರ್ಡರ್, ಶೀ ರೋಟ್' ಧಾರಾವಾಹಿಯಲ್ಲಿ ಪತ್ತೇದಾರಿಕೆ ಮಾಡುತ್ತಿದ್ದ ಆ ಅಜ್ಜಿಯೇ ಈಕೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. 2022ರಲ್ಲಿ ತೀರಿಕೊಂಡ ಈಕೆಗೆ ಈ ಪಾತ್ರ ಗೋಲ್ಡನ್ ಗ್ಲೋಬ್ ಪ್ರಶಸ್ತಿಯನ್ನೂ ಆಸ್ಕರ್ ನಾಮಕರಣವನ್ನೂ ತಂದುಕೊಟ್ಟಿತ್ತು.

ಕಾದಂಬರಿಯಲ್ಲಿ ಸಿಬಿಲ್ ಶೇಕ್ಸ್‌ಪಿಯರ್ ನಾಟಕಗಳ ನಟಿ. ನಿಜವಾದ ಪ್ರೀತಿ ಸಿಕ್ಕ ಮೇಲೆ ಅವಳಿಗೆ ನಟನೆ ಬರುವುದಿಲ್ಲ. ನಟನೆ ಹೋದದ್ದಕ್ಕೆ ಡೋರಿಯನ್ ಅವಳನ್ನು ಕೈಬಿಡುತ್ತಾನೆ. ಲೆವಿನ್ ಇಲ್ಲೊಂದು ಬದಲಾವಣೆ ಮಾಡಿದ. ಚಿತ್ರದ ಸಿಬಿಲ್ ಬಡವರ ಬೀದಿಯ ಹೆಂಡದಂಗಡಿಯೊಂದರ ರಂಗದ ಮೇಲೆ ಪುಟ್ಟ ಹಕ್ಕಿಯ ಹಾಡು ಹೇಳುವ ಹುಡುಗಿ. ಡೋರಿಯನ್ ಅವಳನ್ನು ಮದುವೆಯಾಗಲು ಹೊರಟಾಗ ಲಾರ್ಡ್ ಹೆನ್ರಿ ಒಂದು 'ಪರೀಕ್ಷೆ' ಹೇಳಿಕೊಡುತ್ತಾನೆ: ರಾತ್ರಿ ಇಲ್ಲೇ ಉಳಿ ಎಂದು ಅವಳನ್ನು ಕೇಳು, ಎದ್ದು ಹೋದರೆ ಒಳ್ಳೆಯವಳು, ಉಳಿದರೆ ಅಲ್ಲ. ಡೋರಿಯನ್ ಹಾಗೆಯೇ ಕೇಳುತ್ತಾನೆ. ಅವಳು ನೊಂದು ಬಾಗಿಲವರೆಗೂ ಹೋಗುತ್ತಾಳೆ. ಹಿಂದಿನಿಂದ ಅವನು ಪಿಯಾನೋ ನುಡಿಸುವುದು ಕೇಳಿಸುತ್ತದೆ. ಅವಳು ತಿರುಗಿ ಬರುತ್ತಾಳೆ. ಆಮೇಲೆ ಅವಳಿಗೆ ತಲುಪುವುದು ಒಂದು ಕ್ರೂರವಾದ ಕಾಗದ.

ಇಲ್ಲಿ ಪರೀಕ್ಷೆ ಕೊಟ್ಟವನು ಗಂಡು, ಒತ್ತಾಯಿಸಿದವನು ಗಂಡು, ಕೊನೆಗೆ ತೀರ್ಪು ಹೇಳಿದವನೂ ಗಂಡೇ. ಅಗ್ನಿಪರೀಕ್ಷೆಯ ಕತೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗಲು ಟಿಪ್ಪಣಿ ಬೇಕಾಗಿಲ್ಲ. ವ್ಯತ್ಯಾಸವೆಂದರೆ ಈ ಹುಡುಗಿಯನ್ನು ಕಾಯಲು ಯಾವ ಅಗ್ನಿದೇವನೂ ಬರಲಿಲ್ಲ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ.

ಆ ಸುದ್ದಿ ಬರುವ ಮೊದಲೇ ಡೋರಿಯನ್ ಪಟದಲ್ಲಿ ಮೊದಲ ಬದಲಾವಣೆ ಕಂಡಿರುತ್ತಾನೆ. ತುಟಿಯ ಬಳಿ ಒಂದು ಚಿಕ್ಕ ಗೆರೆ, ಒಂದಿಷ್ಟು ಕ್ರೌರ್ಯ, ಅಷ್ಟೇ. ಅವನು ಹೆದರಿ, ಪಶ್ಚಾತ್ತಾಪಪಟ್ಟು, ಅವಳಿಗೆ ಕ್ಷಮೆ ಕೇಳಿ ಕಾಗದ ಬರೆಯುತ್ತಾನೆ. ಪಟ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂದಾಯಿತು! ಅಷ್ಟರಲ್ಲಿ ಲಾರ್ಡ್ ಹೆನ್ರಿ ಸಾವಿನ ಸುದ್ದಿ ತರುತ್ತಾನೆ. ಇದನ್ನೊಂದು ನಾಟಕದ ದೃಶ್ಯ ಅಂದುಕೋ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳುತ್ತಾನೆ. ಡೋರಿಯನ್ ಅಂದು ಸಂಜೆ ಒಪೆರಾ ನೋಡಲು ಹೋಗುತ್ತಾನೆ. ಪಟ ಮೇಲಿನ ಕೋಣೆಗೆ ಹೋಗುತ್ತದೆ.

ಶಿಕಾಗೊದಲ್ಲಿರುವ ಪಟ

ಇಡೀ ಸಿನಿಮಾ ಕಪ್ಪು-ಬಿಳುಪು. ಛಾಯಾಗ್ರಾಹಕ ಹ್ಯಾರಿ ಸ್ಟ್ರಾಡ್ಲಿಂಗ್‌ಗೆ ಆಸ್ಕರ್ ಬಂದದ್ದು ಅದಕ್ಕೇ. ಆದರೆ ಪಟವನ್ನು ತೋರಿಸುವ ಕೆಲವೇ ಕ್ಷಣಗಳಲ್ಲಿ ತೆರೆ ಇದ್ದಕ್ಕಿದ್ದಂತೆ ಟೆಕ್ನಿಕಲರ್ ಬಣ್ಣಕ್ಕೆ ತಿರುಗುತ್ತದೆ. ಬದುಕಿರುವ ಮನುಷ್ಯರೆಲ್ಲ ಬೂದಿ ಬಣ್ಣ, ಪಟಕ್ಕೆ ಮಾತ್ರ ರಕ್ತಮಾಂಸದ ಬಣ್ಣ. ಎರಡು ಬೇರೆ ಬೇರೆ ಪಟಗಳನ್ನು ಬರೆಸಲಾಗಿತ್ತು. ಸುಂದರ ಡೋರಿಯನ್ನನದು ಪೋರ್ಚುಗಲ್ಲಿನ ಹೆನ್ರಿಕ್ ಮೆಡಿನಾ ಬರೆದದ್ದು. ಕೊಳೆತ ಡೋರಿಯನ್ನನದು ಶಿಕಾಗೊದ ಇವಾನ್ ಆಲ್‌ಬ್ರೈಟ್ ಬರೆದದ್ದು.

ಶಿಕಾಗೊ ಎಂದೊಡನೆ ನಮ್ಮ ಕಿವಿ ನೆಟ್ಟಗಾಗಬೇಕು. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ಅವರನ್ನು ಡೌನ್‌ಟೌನಿನ ಆರ್ಟ್ ಇನ್‌ಸ್ಟಿಟ್ಯೂಟಿಗೆ ಕರೆದುಕೊಂಡು ಹೋಗುತ್ತೇವೆ. ಚಿತ್ರಕಲೆಗಾಗಿ ಅಲ್ಲ, ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಕಟ್ಟಡ ಅದು. ಹೊರಗಿನ ಸಿಂಹಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸು ಬರುತ್ತೇವೆ. ಆಲ್‌ಬ್ರೈಟ್‌ನ ಡೋರಿಯನ್ ಇರುವುದು ಅದೇ ಸಂಗ್ರಹದಲ್ಲಿ; ಕಲಾವಿದನೇ 1977ರಲ್ಲಿ ಕೊಟ್ಟದ್ದು. 2018ರ ಬೇಸಿಗೆಯಲ್ಲಿ ಅವನ ಕೃತಿಗಳದೇ ಒಂದು ಪ್ರದರ್ಶನ ನಡೆದಾಗ ನಾನು ಅದರ ಮುಂದೆ ನಿಂತಿದ್ದೆ. ಸುಮಾರು ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ. ಸಿನಿಮಾದಲ್ಲಿ ಕ್ಷಣಮಾತ್ರ ಕಾಣುವುದನ್ನು ಇಲ್ಲಿ ಬೇಕಾದಷ್ಟು ಹೊತ್ತು ನೋಡಬಹುದು. ಮುಖದ ತುಂಬ ಬೊಕ್ಕೆ, ಹುಣ್ಣು, ಚಿಂದಿಯಾದ ಬಟ್ಟೆ, ಕೈಗೆ ಅಂಟಿದ ರಕ್ತ. ಮನುಷ್ಯ ಮಾತ್ರವಲ್ಲ, ಅವನು ನಿಂತ ನೆಲದ ಹಾಸು, ಹಿಂದಿನ ಸಾಮಾನುಗಳು, ಎಲ್ಲವೂ ಕೊಳೆಯುತ್ತಿರುವಂತೆ ಬರೆದಿದ್ದಾನೆ. ಒಬ್ಬನ ಕೇಡು ಅವನ ಮನೆಯ ಕುರ್ಚಿ ಮೇಜಿಗೂ ಹತ್ತುತ್ತದೆ ಎಂಬಂತೆ.

ಈ ಆಲ್‌ಬ್ರೈಟ್ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ನಾಂತ್ ನಗರದ ಸೈನಿಕ ಆಸ್ಪತ್ರೆಯಲ್ಲಿ ಗಾಯಗಳ ಚಿತ್ರ ಬರೆಯುವ ಕೆಲಸದಲ್ಲಿದ್ದವನು. ಮಾಂಸ ಹೇಗೆ ಕೆಡುತ್ತದೆ ಎಂದು ಕಣ್ಣಾರೆ ಕಂಡವನು. ಒಂದೊಂದು ಚಿತ್ರಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಅವನ ಅತಿ ಪ್ರಸಿದ್ಧ ಚಿತ್ರ ಒಂದು ಹಳೆಯ ಬಾಗಿಲಿನದು. ಅದರ ಮೇಲೆ ಬಾಡುತ್ತಿರುವ ಹೂಮಾಲೆ, ಪಕ್ಕದಲ್ಲಿ ಚೌಕಟ್ಟು ಮುಟ್ಟಿದ ಒಂದು ಮುದಿ ಕೈ. 1931ರಿಂದ 1941ರವರೆಗೆ ಹತ್ತು ವರ್ಷ ಅದರ ಮೇಲೇ ಕೂತಿದ್ದ. ಅದಕ್ಕೆ ಅವನು ಕೊಟ್ಟ ಹೆಸರಿನ ಅರ್ಥ, 'ಮಾಡಬೇಕಾಗಿದ್ದನ್ನು ನಾನು ಮಾಡಲಿಲ್ಲ'. ಡೋರಿಯನ್ನನ ಪಟ ಮಾಡಬಾರದ್ದನ್ನು ಮಾಡಿದವನ ಲೆಕ್ಕ. ಈ ಬಾಗಿಲು ಮಾಡಬೇಕಾದ್ದನ್ನು ಬಿಟ್ಟವರ ಲೆಕ್ಕ. ಎರಡನೆಯ ಗುಂಪಿನಲ್ಲಿ ಜನ ಹೆಚ್ಚು ಎಂದು ನನ್ನ ಅನಿಸಿಕೆ.

ಅಜ್ಜಿಯ ತೀರ್ಪು

ಕಳೆದ ಚಳಿಗಾಲದ ಒಂದು ಶನಿವಾರ ನಾಲ್ಕಾರು ಮನೆಯವರು ಸೇರಿ ನಮ್ಮ ಬೇಸ್‌ಮೆಂಟಿನಲ್ಲಿ ಈ ಚಿತ್ರ ಹಾಕಿಕೊಂಡು ನೋಡಿದೆವು. ಹೊರಗೆ ಹಿಮ, ಒಳಗೆ ಖಾರದ ಅವಲಕ್ಕಿ, ಚಹಾ. ಸಿನಿಮಾ ಮುಗಿದ ಮೇಲೆ ಶುರುವಾದ ಚರ್ಚೆ ಸಿನಿಮಾಕ್ಕಿಂತ ಚೆನ್ನಾಗಿತ್ತು.

ಸ್ನೇಹಿತರ ಮಗಳು, ಹೈಸ್ಕೂಲಿನ ಹುಡುಗಿ, ಮೊದಲು ಕೇಳಿದಳು: "ಅಷ್ಟು ಜನ ಅವನಿಂದ ಹಾಳಾದರು ಅಂತ ಎಲ್ಲರಿಗೂ ಗೊತ್ತಿತ್ತಲ್ಲ ಅಂಕಲ್, ಮತ್ತೆ ಯಾಕೆ ಎಲ್ಲರೂ ಅವನನ್ನ ಪಾರ್ಟಿಗೆ ಕರೀತಿದ್ರು?"

ಅವರಪ್ಪ ಹೇಳಿದರು: "ನೋಡೋಕೆ ಚೆನ್ನಾಗಿದ್ನಲ್ಲಮ್ಮ. ಅಂಥ ಮುಖ ಇಟ್ಕೊಂಡು ಹಂಗೆ ಮಾಡ್ತಾನೆ ಅಂತ ಯಾರು ನಂಬ್ತಾರೆ?"

ಮೈಸೂರಿನಿಂದ ಬಂದಿದ್ದ ಅವಳ ಅಜ್ಜಿ ಅಷ್ಟು ಹೊತ್ತೂ ಶಾಲು ಹೊದ್ದು ಸುಮ್ಮನೆ ಕೂತಿದ್ದರು. ಇಂಗ್ಲಿಷ್ ಮಾತು ಪೂರ್ತಿ ಹಿಡಿಸಿರಲಿಕ್ಕಿಲ್ಲ, ಕತೆ ಮಾತ್ರ ಪೂರ್ತಿ ಹಿಡಿಸಿತ್ತು. ಅವರೆಂದರು: "ಆ ಪಟಾನ ನಡುಮನೇಲೇ ತೂಗು ಹಾಕಿದ್ದಿದ್ರೆ ಉದ್ಧಾರ ಆಗಿರ್ತಿದ್ದ ಕಣೇ."

"ಹಾಗೆ ಹಾಕಿದ್ರೆ ಅವನ ಮನೆಗೆ ಯಾರೂ ಬರ್ತಿರ್ಲಿಲ್ಲ ಅಜ್ಜಿ!"

"ಬರದಿದ್ರೆ ಬೇಡ. ಅವನಾದ್ರೂ ದಿನಾ ನೋಡ್ತಿದ್ದನಲ್ಲ."

ಈ ಚಿತ್ರದ ಬಗ್ಗೆ ಪಂಡಿತರು ಬರೆದದ್ದನ್ನು ಒಂದಿಷ್ಟು ಓದಿದ್ದೇನೆ. ಅಜ್ಜಿಯ ಆ ಮಾತಿಗಿಂತ ಹತ್ತಿರ ಯಾರೂ ಬಂದಿಲ್ಲ ಎನ್ನಿಸುತ್ತದೆ. ಡೋರಿಯನ್ ಕೆಟ್ಟದ್ದು ಹಾರೈಕೆಯಿಂದಲ್ಲ. ಎಳೆಯ ವಯಸ್ಸಿನಲ್ಲಿ ಯಾರ ಬಾಯಲ್ಲೂ ಅಂಥ ಮಾತು ಬಂದೀತು. ಲಾರ್ಡ್ ಹೆನ್ರಿಯ ಉಪದೇಶದಿಂದ ಮಾತ್ರವೂ ಅಲ್ಲ. ಪಟಕ್ಕೆ ಪರದೆ ಎಳೆದು ಬೀಗ ಹಾಕಿದ ದಿನ ಅವನು ಪೂರ್ತಿ ಕೆಟ್ಟ. ಮೊದಲ ಗೆರೆ ಮೂಡಿದಾಗ ತಿದ್ದಿಕೊಳ್ಳಲು ದಾರಿ ಇತ್ತು. ಆ ಪಟ ನಿಜವಾಗಿ ಅವನಿಗೆ ಸಿಕ್ಕ ವರ. ತನ್ನ ತಪ್ಪು ಎಷ್ಟು ದೊಡ್ಡದೆಂದು ಅಷ್ಟು ಸ್ಪಷ್ಟವಾಗಿ ತೋರಿಸುವ ಕನ್ನಡಿ ನಮ್ಮಲ್ಲಿ ಯಾರಿಗಿದೆ?

ಯಯಾತಿಯೂ ಡೋರಿಯನ್ನನೂ

ಯೌವನದ ವಿನಿಮಯದ ಕತೆ ನಮ್ಮಲ್ಲೂ ಇದೆ. ಮಹಾಭಾರತದ ಯಯಾತಿ ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ಮಗ ಪುರುವಿಗೆ ಕೊಟ್ಟು ಅವನ ಯೌವನ ಪಡೆಯುತ್ತಾನೆ. ಸಾವಿರ ವರ್ಷ ಸುಖಪಟ್ಟ ಮೇಲೂ ಆಸೆ ತೀರದೆ, ತೀರುವುದೂ ಇಲ್ಲವೆಂದು ತಿಳಿದು, ಯೌವನವನ್ನು ಮಗನಿಗೇ ಹಿಂದಿರುಗಿಸುತ್ತಾನೆ. ಗಿರೀಶ ಕಾರ್ನಾಡರು ತಮ್ಮ ಮೊದಲ ನಾಟಕ 'ಯಯಾತಿ'ಯಲ್ಲಿ (1961) ಈ ಕತೆಗೆ ಪುರುವಿನ ಹೆಂಡತಿ ಚಿತ್ರಲೇಖೆಯನ್ನು ತಂದರು. ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮುಖದಲ್ಲಿ ಮುಪ್ಪು ಕಾಣುತ್ತದೆ. ಅವಳು ಪ್ರಾಣ ಬಿಡುತ್ತಾಳೆ. ಆ ಸಾವನ್ನು ಕಂಡು ಯಯಾತಿ ತನ್ನ ಮುಪ್ಪನ್ನು ತಾನೇ ಹೊರಲು ಒಪ್ಪುತ್ತಾನೆ.

ಎರಡು ಕತೆಯಲ್ಲೂ ತಿರುವು ಬರುವುದು ಒಬ್ಬ ನಿರಪರಾಧಿ ಹುಡುಗಿಯ ಸಾವಿನಲ್ಲಿ. ಯಯಾತಿ ಅಲ್ಲಿ ತನ್ನ ಹೊರೆ ವಾಪಸು ಪಡೆಯುತ್ತಾನೆ. ಡೋರಿಯನ್ ಅಲ್ಲಿಂದ ಒಪೆರಾಗೆ ಹೋಗುತ್ತಾನೆ. ಯಯಾತಿಗೆ ಅದು ಸಾಧ್ಯವಾದದ್ದೇಕೆ? ಅವನು ಮುಪ್ಪನ್ನು ಕೊಟ್ಟದ್ದು ಎದುರಿಗೇ ಓಡಾಡುವ ಮಗನಿಗೆ. ಅದು ಅವನ ಕಣ್ಣಿಗೆ ಬೀಳದೆ ಇರುವಂತಿರಲಿಲ್ಲ. ಡೋರಿಯನ್ ಕೊಟ್ಟದ್ದು ಬಾಯಿಲ್ಲದ ಬಟ್ಟೆಗೆ, ಅದನ್ನು ಬೀಗ ಹಾಕಿ ಮರೆಯಬಹುದಾಗಿತ್ತು. ಅಜ್ಜಿ ಹೇಳಿದ ನಡುಮನೆಯ ಮಾತೇ ಇದು.

ನಮ್ಮ ಮನೆಯ ಗೋಡೆಗಳು

ಇಷ್ಟು ಬರೆದು ಇದು ಲಂಡನ್ನಿನ ಯಾವನೋ ಶ್ರೀಮಂತನ ಕತೆ ಎಂದು ಬಿಟ್ಟರೆ ಸಲೀಸು. ಆದರೆ ಪರದೇಶದಲ್ಲಿರುವ ನಮ್ಮಷ್ಟು ಪಟ ತೂಗುಹಾಕುವವರು ಇನ್ನಾರು? ಹಿಂದೆ ಏರ್‌ಮೇಲ್ ಲಕೋಟೆಯಲ್ಲಿ, ಈಗ ಫೋನಿನಲ್ಲಿ ನಾವು ಊರಿಗೆ ಕಳಿಸುವ ಫೋಟೋಗಳನ್ನು ನೋಡಿ. ಹೊಸ ಕಾರು, ಹಿಮದಲ್ಲಿ ನಗು, ಮಗಳ ಭರತನಾಟ್ಯ. ಕೆಲಸ ಹೋದ ತಿಂಗಳಿನ ಫೋಟೋ, ಮಗ ಮಾತು ಬಿಟ್ಟ ವರ್ಷದ ಫೋಟೋ ಇರುವುದಿಲ್ಲ. ಅತ್ತ ಕಡೆಯಿಂದಲೂ ಅಷ್ಟೇ. ಅಪ್ಪನಿಗೆ ಆಪರೇಷನ್ ಆದದ್ದು ಮೂರು ತಿಂಗಳ ಮೇಲೆ ತಿಳಿಯುತ್ತದೆ. ಇದೆಲ್ಲ ಪಾಪವಲ್ಲ. ಪ್ರೀತಿಯಿಂದ, ಅವರು ನೊಂದುಕೊಳ್ಳಬಾರದೆಂದು ಮಾಡುವುದು. ಆದರೆ ಚೆನ್ನಾಗಿರುವುದನ್ನು ಗೋಡೆಗೆ, ಇಲ್ಲದ್ದನ್ನು ಅಟ್ಟಕ್ಕೆ ಎಂಬ ಅಭ್ಯಾಸ ಬೇರೂರುವುದು ಇಲ್ಲಿಂದಲೇ.

ಅಭ್ಯಾಸ ಬೆಳೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೆಲವು ವರ್ಷಗಳ ಹಿಂದೆ, ಈ ದೇಶದ ಇನ್ನೊಂದು ಊರಿನಲ್ಲಿ ನಮಗೆ ಪರಿಚಯವಿದ್ದ ಒಂದು ಮನೆಯ ಹೆಣ್ಣುಮಗಳು, ಗಂಡ ಕೈಮಾಡುತ್ತಾನೆಂದು ಬಾಯಿಬಿಟ್ಟು ಹೇಳಿದಳು. ಆತ ಎಲ್ಲ ಹಬ್ಬಗಳಲ್ಲೂ ಮುಂದೆ ನಿಂತು ಓಡಾಡುವವನು, ಮಾತಿನಲ್ಲಿ ಮೃದು, ನೋಡಲು ಲಕ್ಷಣ. ಅಲ್ಲಿ ಕೇಳಿಬಂದ ಮೊದಲ ಮಾತು, "ಅವರಾ? ಛೆ, ಇರಲಿಕ್ಕಿಲ್ಲ. ಎಷ್ಟು ಒಳ್ಳೆಯ ಮನುಷ್ಯ!" ಸಿನಿಮಾದಲ್ಲಿ ಸಿಬಿಲ್ಳ ಸಹೋದರ ಜೇಮ್ಸ್ ಹದಿನೆಂಟು ವರ್ಷದ ಮೇಲೆ ಡೋರಿಯನ್ನನನ್ನು ಹಿಡಿದು ಇನ್ನೇನು ಕೊಲ್ಲಬೇಕು. ಬೆಳಕಿನಲ್ಲಿ ಆ ಮುಖ ನೋಡಿ, ಇಷ್ಟು ಎಳೆಯ ಮುಖದವನು ಆ ಪಾಪಿ ಆಗಿರಲಾರ ಎಂದು ಬಿಟ್ಟುಬಿಡುತ್ತಾನೆ. ಆಮೇಲೆ ಸಾಯುವವನು ಜೇಮ್ಸ್. ಆ ಹೆಣ್ಣುಮಗಳು ಈಗ ಬೇರೆ ರಾಜ್ಯದಲ್ಲಿ ಸ್ವಂತ ಕಾಲ ಮೇಲೆ ನಿಂತಿದ್ದಾಳೆ, ಚೆನ್ನಾಗಿದ್ದಾಳೆ. ಅವಳ ಮಾತನ್ನು ಮೊದಲ ದಿನವೇ ನಂಬಿದ ಇಬ್ಬರು ಗೆಳತಿಯರು ಇದ್ದದ್ದರಿಂದ ಅದು ಸಾಧ್ಯವಾಯಿತು.

ಮುಖ ನೋಡಿ ಮಣೆ ಹಾಕುವುದು ನಮ್ಮ ಗಾದೆಯಲ್ಲೇ ಇರುವ ಬುದ್ಧಿ. ಮದುವೆಯ ಜಾಹೀರಾತಿನಲ್ಲಿ ಬಣ್ಣ ಕೇಳುತ್ತೇವೆ, ಮುಖವೇ ಮನಸ್ಸಿನ ಕನ್ನಡಿ ಎನ್ನುತ್ತೇವೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡೂ ಹಾಗೆಯೇ ನಂಬಿತ್ತು. ಆ ನಂಬಿಕೆಯನ್ನೇ ತಲೆಕೆಳಗು ಮಾಡಿದ್ದು ವೈಲ್ಡ್‌ನ ಜಾಣತನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯೂ ನಮ್ಮದೇ. ಆದರೆ ಬೇಕಾದಾಗ ಅದು ನೆನಪಿಗೆ ಬರುವುದಿಲ್ಲ.

ಕಡೆಯದಾಗಿ

2009ರಲ್ಲಿ ಇದೇ ಕತೆ ಮತ್ತೆ ಸಿನಿಮಾ ಆಯಿತು. ಆಲಿವರ್ ಪಾರ್ಕರ್ ನಿರ್ದೇಶನ, ಬೆನ್ ಬಾರ್ನ್ಸ್ ಡೋರಿಯನ್, ಕಾಲಿನ್ ಫರ್ತ್ ಲಾರ್ಡ್ ಹೆನ್ರಿ. ಈಗ ಕಟ್ಟುಪಾಡು ಇಲ್ಲದ್ದರಿಂದ ಡೋರಿಯನ್ನನ ವಿಲಾಸಗಳನ್ನೆಲ್ಲ ತೋರಿಸಿದ್ದಾರೆ, ಪಟ ಗುರುಗುಟ್ಟುತ್ತದೆ ಕೂಡ. ಎಲ್ಲ ತೋರಿಸಿದ ಮೇಲೆ ಭಯಕ್ಕೆ ಏನೂ ಉಳಿಯಲಿಲ್ಲ. ಹೋಲಿಸಿ ನೋಡುವ ಆಸಕ್ತಿ ಇದ್ದವರು ಎರಡನ್ನೂ ನೋಡಬಹುದು. ಹಳೆಯದರ ಡಿವಿಡಿ ಅನೇಕ ಊರಿನ ಲೈಬ್ರರಿಗಳಲ್ಲಿ ಸಿಗುತ್ತದೆ. ನೂರಹತ್ತು ನಿಮಿಷದ ಚಿತ್ರ. ತೀರ ಚಿಕ್ಕ ಮಕ್ಕಳಿಗೆ ಬೇಡ. ಹೈಸ್ಕೂಲಿನ ಮಕ್ಕಳ ಜೊತೆ ಕೂತು ನೋಡಿ, ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಶಿಕಾಗೊಗೆ ಹೋದರೆ ಸಿಂಹಗಳ ಮುಂದಿನ ಫೋಟೋ ಮುಗಿಸಿ ಒಳಗೂ ಹೋಗಿ. ಪಟ ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಯಮಧರ್ಮನ ಆಸ್ಥಾನದಲ್ಲಿ ನಮ್ಮ ಪಾಪಪುಣ್ಯಗಳ ಲೆಕ್ಕ ಬರೆಯುವವನ ಹೆಸರು ಚಿತ್ರಗುಪ್ತ. ಚಿಕ್ಕಂದಿನಿಂದ ಕೇಳಿದ ಹೆಸರು. ಈ ಸಿನಿಮಾ ನೋಡಿದ ಮೇಲೆ ಮೊದಲ ಬಾರಿಗೆ ಆ ಪದವನ್ನು ಬಿಡಿಸಿ ನೋಡಿದೆ: ಚಿತ್ರ, ಗುಪ್ತ. ಡೋರಿಯನ್ನನ ಮನೆಯ ಮೇಲಂತಸ್ತಿನಲ್ಲಿದ್ದದ್ದೂ ಅದೇ. ನಮ್ಮ ಚಿತ್ರಗುಪ್ತ ಲೆಕ್ಕ ಓದುವುದು ಸತ್ತ ಮೇಲೆ. ಡೋರಿಯನ್ನನ ಪಟವಾದರೋ ಬದುಕಿರುವಾಗಲೇ ದಿನದಿನವೂ ಲೆಕ್ಕ ತೋರಿಸಲು ಸಿದ್ಧವಿತ್ತು. ಮೆಟ್ಟಿಲು ಹತ್ತಿ ನೋಡುವ ಕೆಲಸ ಮಾತ್ರ ಅವನದಾಗಿತ್ತು. ಹಬ್ಬಕ್ಕೆ ಮುಂಚೆ ಅಟ್ಟದ ಧೂಳು ಹೊಡೆಯುವುದು ನಮ್ಮ ಹಿರಿಯರು ಇಟ್ಟ ಪದ್ಧತಿ. ಈ ಸಲ ಆ ಕೆಲಸಕ್ಕೆ ಹತ್ತಿದಾಗ, ಒಂದು ನಿಮಿಷ ಹೆಚ್ಚಿಗೆ ಅಲ್ಲೇ ನಿಂತು ಬನ್ನಿ.